ಮರೆತ ಕೀಲಿಕೈ ಮತ್ತು ಅಚೌರ್ಯಾಣುವ್ರತ

ಶ್ರಾವಕನ ಮೂರನೆಯ ಅಣುವ್ರತವನ್ನು ನಿರೂಪಿಸುವಾಗ ಸಮಂತಭದ್ರಾಚಾರ್ಯರು ತಮ್ಮ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರರ ವಸ್ತುವಿನ ಮೂರು ಅವಸ್ಥೆಗಳನ್ನು ಹೆಸರಿಸುತ್ತಾರೆ. ಇಟ್ಟದ್ದು, ಬಿದ್ದದ್ದು, ಮರೆತದ್ದು. ಈ ಮೂರರಲ್ಲಿ ಯಾವುದೇ ಆಗಿರಲಿ, ಒಡೆಯನು ಕೊಡದ ಹೊರತು ಅದನ್ನು ತಾನೂ ತೆಗೆದುಕೊಳ್ಳಬಾರದು, ಬೇರೊಬ್ಬರಿಗೂ ಕೊಡಬಾರದು ಎಂಬುದು ಆಚಾರ್ಯರ ಅಭಿಪ್ರಾಯ. ಅಂಗಡಿಯಲ್ಲಿ ಕುಳಿತು ಬಾಳಿದವರಿಗೆ ಈ ಮೂರೂ ದಿನನಿತ್ಯದ ಪರಿಚಯದವು. ಗಿರಾಕಿಯು ಗಲ್ಲೆಯ ಮೇಲೆ ಇಟ್ಟುಹೋದ ಚೀಲ, ಮೆಟ್ಟಿಲ ಬಳಿ ಬಿದ್ದ ನೋಟು, ಮಳೆ ನಿಂತ ಮೇಲೆ ಮೂಲೆಯಲ್ಲಿ ಉಳಿದ ಕೊಡೆ, ಇವುಗಳ ವಿಷಯದಲ್ಲಿ ನಮ್ಮ ಮನೆತನಗಳಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಮರೆತವನು ನಾನೇ ಆಗಿ, ಮರೆತ ವಸ್ತುವೂ ನನ್ನದೇ ಆಗಿ, ಅದರ ಬದಲಿಗೆ ಇನ್ನಾರದೋ ವಸ್ತು ನನ್ನ ಕೈಗೆ ಬಂದಾಗ ಏನು ಹೇಳಬೇಕು? ಹಣವನ್ನಂತೂ ನಾನು ಕೊಟ್ಟಾಗಿದೆ. ಹಾಗಿದ್ದ ಮೇಲೆ ಕಳವಿನ ಮಾತೇಕೆ? ಸುಮಾರು ಹನ್ನೊಂದು ತಿಂಗಳ ಕಾಲ ನಾನು ಈ ಸಮಾಧಾನದಲ್ಲಿಯೇ ಇದ್ದೆ. ವಿಷಯವು ಮನೆಯ ಗಣಕಯಂತ್ರದ್ದು.

2011ರಲ್ಲಿ ನಮ್ಮ ಮನೆಗೆ ವಿಂಡೋಸ್ 7 ಇದ್ದ ಗಣಕಯಂತ್ರವೊಂದನ್ನು ತಂದೆವು. ಬರವಣಿಗೆಗೂ ಲೆಕ್ಕದ ಹಾಳೆಗಳಿಗೂ ಬೇಕೆಂದು ಆಫೀಸ್ 2010 ತಂತ್ರಾಂಶದ ‘ಹೋಮ್ ಅಂಡ್ ಸ್ಟೂಡೆಂಟ್’ ಆವೃತ್ತಿಯನ್ನು ಬೇರೆಯಾಗಿ ಬಿಲ್ಲು ಪಡೆದು ಕೊಂಡೆನು. ಮಕ್ಕಳ ಓದಿಗೆಂದು ಬಂದ ಯಂತ್ರದಲ್ಲಿ ಕ್ರಮೇಣ ನಮ್ಮೂರ ಬಸದಿಯ ಟ್ರಸ್ಟಿನ ಲೆಕ್ಕವೂ ಸೇರಿತು. ಕೋಶಾಧ್ಯಕ್ಷನ ಕೆಲಸ ನನ್ನ ಪಾಲಿಗೆ ಬಂದಿದ್ದುದರಿಂದ ಅಭಿಷೇಕದ ಪಟ್ಟಿ, ಸವಾಲಿನ ಹಣ, ಆಹಾರದಾನದ ಕಾಣಿಕೆ, ಜೀರ್ಣೋದ್ಧಾರದ ಖರ್ಚು ಎಲ್ಲವೂ ಆ ಹಾಳೆಗಳಲ್ಲಿಯೇ ಇದ್ದವು.

2017ರಲ್ಲಿ ಯಂತ್ರದ ಹಾರ್ಡ್ ಡಿಸ್ಕು ಕೆಟ್ಟಿತು. ಲೆಕ್ಕಗಳ ಪ್ರತಿ ಪೆನ್‌ಡ್ರೈವಿನಲ್ಲಿ ಇತ್ತು. ಆ ಮಟ್ಟಿಗೆ ವ್ಯಾಪಾರಿಯ ಎಚ್ಚರ ಕೆಲಸ ಮಾಡಿತ್ತು. ರಿಪೇರಿಯವನು ಹೊಸ ಡಿಸ್ಕು ಹಾಕಿ, ವಿಂಡೋಸಿನ ಸಂಖ್ಯೆಯನ್ನು ಯಂತ್ರದ ಪಕ್ಕಕ್ಕೆ ಅಂಟಿಸಿದ್ದ ಚೀಟಿಯಿಂದ ಓದಿಕೊಂಡನು. ಆಫೀಸಿನ ಸಂಖ್ಯೆ ಮಾತ್ರ ಸಿಗಲಿಲ್ಲ. ಅದು ಡಿಸ್ಕಿನ ಪೆಟ್ಟಿಗೆಯ ಒಳಗೆ ಅಂಟಿಸಿದ ಕಾಗದದಲ್ಲಿತ್ತು. ಜಾಗ ಉಳಿಯಲೆಂದು ಡಿಸ್ಕನ್ನು ಬಟ್ಟೆಯ ಚೀಲಕ್ಕೆ ಸೇರಿಸಿ, ಪೆಟ್ಟಿಗೆಯನ್ನು ಒಂದು ದೀಪಾವಳಿಯ ಸಫಾಯಿಯಲ್ಲಿ ಎಸೆದವನು ನಾನೇ. ಐವತ್ತು ವರ್ಷದ ಹಳೆಯ ರೋಕಡ ವಹಿಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡಿರುವ ಮನೆ ನಮ್ಮದು. ಆದರೂ ಒಂದು ಅಂಗೈಯಗಲದ ಕಾಗದದ ಬೆಲೆ ನಮಗೆ ತಿಳಿಯಲಿಲ್ಲ. ಸಂಜೆಗೆ ಯಂತ್ರ ಮನೆಗೆ ಬಂದಾಗ ಎಲ್ಲವೂ ಮೊದಲಿನಂತೆ ನಡೆಯುತ್ತಿತ್ತು. ಸಂಖ್ಯೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಕೇಳದೇ ಇದ್ದುದು ಮರೆವಿನಿಂದ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ.

ಮರುವರ್ಷ ಪಕ್ಕದ ಊರಿನ ಬಸದಿಯ ಕಾರ್ಯದರ್ಶಿಗಳು ನಮ್ಮ ಲೆಕ್ಕದ ಹಾಳೆಗಳನ್ನು ನೋಡಿ ಮೆಚ್ಚಿದರು. ತಾವೂ ಹಾಗೆಯೇ ಮಾಡಬೇಕೆಂದು ಬಯಸಿ, “ಸಾವ್ಕಾರ್ರ, ನಿಮ್ಮ ಆ ನಂಬರ ನಮಗೂ ಕೊಡ್ರಿ, ಧರ್ಮದ ಕೆಲಸಾ ಅಲ್ಲೇನ್ರಿ” ಎಂದರು. ಕೊಡೋಣವೆಂದು ರಿಪೇರಿಯವನಿಗೆ ಫೋನು ಮಾಡಿದೆ. ಅವನು ಸಂಕೋಚವಿಲ್ಲದೆ ಹೇಳಿದನು: “ಅದು ಎಲ್ಲಾರಿಗೂ ಹಾಕೋ ನಂಬರ್ ರೀ ಸರ್. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.” ತಾನೂ ತೆಗೆದುಕೊಳ್ಳಬಾರದು, ಬೇರೊಬ್ಬರಿಗೂ ಕೊಡಬಾರದು ಎಂದು ಎರಡು ಕ್ರಿಯಾಪದಗಳನ್ನು ಆಚಾರ್ಯರು ಏಕೆ ಬಳಸಿದರೆಂಬುದು ನನಗೆ ಅಂದು ಅರ್ಥವಾಯಿತು. ಮೊದಲನೆಯದನ್ನು ಮಾಡಿ ಹನ್ನೊಂದು ತಿಂಗಳಾಗಿತ್ತು. ಎರಡನೆಯದನ್ನು ಮಾಡಲು ಬಾಯಿ ತೆರೆದಿದ್ದೆ.

ಇಷ್ಟಕ್ಕೂ ಈ ಸಂಖ್ಯೆ ಎಂದರೇನು? ಐದೈದರಂತೆ ಐದು ಗುಂಪುಗಳಲ್ಲಿ ಬರೆದ 25 ಅಕ್ಷರ ಮತ್ತು ಅಂಕಿಗಳು. ತಂತ್ರಾಂಶವು ಡಿಸ್ಕಿನಲ್ಲಿದೆ, ಈ ಅಕ್ಷರಗಳಲ್ಲಿ ತಂತ್ರಾಂಶವಿಲ್ಲ. ನಾವು ಹಣ ಕೊಟ್ಟು ಪಡೆಯುವುದು ಬಳಸುವ ಅನುಮತಿಯನ್ನು. ಆ ಅನುಮತಿಯ ಗುರುತು ಈ ಸಂಖ್ಯೆ. ಬಿ.ಕಾಂ. ತರಗತಿಯಲ್ಲಿ ವಾಣಿಜ್ಯ ಕಾನೂನು ಓದಿದವರಿಗೆ ಹುಂಡಿಯ ನೆನಪಾದೀತು. ಹುಂಡಿ ಕಳೆದುಹೋದರೆ ಹಣವೇನೂ ಹೋಗದು, ಹಣದ ಗುರುತು ಹೋಗುತ್ತದೆ. ಆಗ ಬರೆದವನ ಬಳಿಗೇ ಹೋಗಿ ‘ಪೇಠ್’ ಎಂಬ ಎರಡನೆಯ ಪ್ರತಿಯನ್ನು ಪಡೆಯುವುದು ಪದ್ಧತಿ. ಅದೂ ಕಳೆದರೆ ‘ಪರಪೇಠ್’ ಎಂಬ ಮೂರನೆಯದು. ಹಣ ನಿಜವಾಗಿ ನನ್ನದೇ ಎಂಬ ಕಾರಣಕ್ಕೆ ಯಾವ ಸಾಹುಕಾರನೂ ಬೇರೊಬ್ಬರ ಹುಂಡಿಯನ್ನು ತೋರಿಸಿ ಹಣ ಎಣಿಸಿಕೊಳ್ಳುತ್ತಿರಲಿಲ್ಲ. ಎಣಿಸಿಕೊಂಡವನನ್ನು ಮರುದಿನ ಪೇಟೆಯಲ್ಲಿ ಯಾರೂ ಕೂರಿಸಿಕೊಳ್ಳುತ್ತಿರಲಿಲ್ಲ. ಬ್ಯಾಂಕಿನ ಠೇವಣಿ ರಸೀದಿ ಕಳೆದಾಗ ನಾವು ಇಂದಿಗೂ ಬ್ಯಾಂಕಿಗೇ ಹೋಗಿ, ಮುಚ್ಚಳಿಕೆ ಬರೆದುಕೊಟ್ಟು ನಕಲು ಪಡೆಯುತ್ತೇವೆ. ಗಣಕಯಂತ್ರದ ಮುಂದೆ ಕುಳಿತಾಗ ಮಾತ್ರ ಈ ರೂಢಿಯ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ.

ರಿಪೇರಿಯವನ ಸಂಖ್ಯೆ ಎರಡರಲ್ಲಿ ಒಂದಾಗಿರಬೇಕು. ನೂರಾರು ಯಂತ್ರಗಳಿಗೆ ಒಂದೇ ಸಂಖ್ಯೆಯನ್ನು ದೊಡ್ಡ ಸಂಸ್ಥೆಗಳು ಪಡೆಯುವುದುಂಟು, ಅದು ಕೈಯಿಂದ ಕೈಗೆ ಸೋರುವುದೂ ಉಂಟು. ಅಂಥದಾದರೆ ಅದು ಸ್ಪಷ್ಟವಾಗಿ ಪರಸ್ವ. ಇಲ್ಲವೆ ಸಂಖ್ಯೆಯ ಒಳಸೂತ್ರವನ್ನು ಭೇದಿಸಿ ಯಾರೋ ಹುಟ್ಟಿಸಿದ ಕೃತ್ರಿಮ ಸಂಖ್ಯೆ. ಅಂಥದಾದರೆ ದೋಷವು ಅಚೌರ್ಯವ್ರತದ ಗಡಿಯನ್ನು ದಾಟಿ ಸತ್ಯವ್ರತಕ್ಕೆ ತಗಲುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಸೇರಿಸಿದೆ. ಒಬ್ಬನು ಹೇಳದಿದ್ದುದನ್ನು ಅವನೇ ಹೇಳಿದನೆಂಬಂತೆ, ವಂಚನೆಗಾಗಿ ಬರೆಯುವುದು ಕೂಟಲೇಖ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಬಿಡಿಸಿದ್ದಾರೆ. ಆ 25 ಅಕ್ಷರಗಳನ್ನು ಒತ್ತುವಾಗ ‘ತಯಾರಕನು ನನಗೆ ಅನುಮತಿ ಕೊಟ್ಟಿದ್ದಾನೆ’ ಎಂಬ ವಾಕ್ಯವನ್ನು ತಯಾರಕನ ಹೆಸರಿನಲ್ಲಿ ನಾವು ಬರೆಯುತ್ತೇವಲ್ಲವೇ? ನನ್ನ ಮಟ್ಟಿಗೆ ಆ ವಾಕ್ಯ ಒಂದು ಅರ್ಥದಲ್ಲಿ ನಿಜವೇ ಆಗಿತ್ತು. ಆದರೆ ನಿಜವಾದ ಸಾಲಕ್ಕೆ ಕೃತ್ರಿಮ ಪತ್ರವನ್ನು ಹುಟ್ಟಿಸಿದರೂ ಪತ್ರ ಕೃತ್ರಿಮವೇ.

ನಮ್ಮ ತರುಣರು ಇಲ್ಲಿ ಒಂದು ಆಕ್ಷೇಪವನ್ನು ಎತ್ತುತ್ತಾರೆ. ಕೊಡೆಯನ್ನು ತೆಗೆದುಕೊಂಡರೆ ಒಡೆಯನಿಗೆ ಕೊಡೆ ಇಲ್ಲವಾಗುತ್ತದೆ; ತಂತ್ರಾಂಶವನ್ನು ನಕಲು ಮಾಡಿದರೆ ಒಡೆಯನ ಬಳಿ ಇದ್ದದ್ದು ಇದ್ದಂತೆಯೇ ಇರುತ್ತದೆ; ಹಾಗಿರುವಾಗ ಅದು ಕಳವು ಹೇಗೆ? ಆಕ್ಷೇಪ ಹಗುರಾದುದಲ್ಲ. ಆದರೆ ನಮ್ಮ ಶಾಸ್ತ್ರಕಾರರು ಕಳವನ್ನು ಒಡೆಯನ ನಷ್ಟದಿಂದ ಅಳೆಯಲೇ ಇಲ್ಲ ಎಂಬುದನ್ನು ಗಮನಿಸಬೇಕು. ಕೊಡದಿರುವುದನ್ನು ಪ್ರಮಾದಯೋಗದಿಂದ ತೆಗೆದುಕೊಳ್ಳುವುದೇ ಸ್ತೇಯ. ಕೊಟ್ಟಿದ್ದಾನೆಯೇ ಎಂಬ ಪ್ರಶ್ನೆ ಒಡೆಯನ ಕಡೆಯದು, ಪ್ರಮಾದವಿತ್ತೇ ಎಂಬ ಪ್ರಶ್ನೆ ನನ್ನ ಕಡೆಯದು. ಅವನ ಗಲ್ಲೆಯಲ್ಲಿ ಎಷ್ಟು ಕಡಿಮೆಯಾಯಿತೆಂಬುದು ಈ ಲಕ್ಷಣದಲ್ಲಿ ಬರುವುದೇ ಇಲ್ಲ.

ಪೂಜ್ಯಪಾದರು ಇದೇ ಸಂದರ್ಭದಲ್ಲಿ ಒಂದು ಶಂಕೆಯನ್ನು ತಾವೇ ಎತ್ತಿ ಪರಿಹರಿಸುತ್ತಾರೆ. ಕೊಡದುದನ್ನು ಬಳಸುವುದೆಲ್ಲ ಕಳವಾದರೆ, ಊರ ಬೀದಿಯಲ್ಲಿ ನಡೆಯುವ, ಊರಬಾಗಿಲನ್ನು ಹೊಗುವ ಮುನಿಗೂ ಕಳವಿನ ದೋಷ ಬರುವುದಿಲ್ಲವೇ? ಬರುವುದಿಲ್ಲ, ಏಕೆಂದರೆ ಬೀದಿಯು ಎಲ್ಲರಿಗೂ ಸಾಮಾನ್ಯವಾಗಿ ಬಿಟ್ಟದ್ದು. ಆದ್ದರಿಂದಲೇ ಮುನಿಯು ಮುಚ್ಚಿದ ಬಾಗಿಲನ್ನು ಹೊಗುವುದಿಲ್ಲ, ಅದನ್ನು ಬಿಟ್ಟುಕೊಟ್ಟಿಲ್ಲ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ಈ ಸಮಾಧಾನ ನಮ್ಮ ಪ್ರಶ್ನೆಗೆಂದೇ ಬರೆದಂತಿದೆ. ತಂತ್ರಾಂಶಗಳಲ್ಲಿಯೂ ಬೀದಿಗಳಿವೆ, ಮುಚ್ಚಿದ ಬಾಗಿಲುಗಳಿವೆ. ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯನ್ನು ಎಲ್ಲರಿಗೂ ಉಚಿತವಾಗಿ ಬಿಡಲಾಗಿದೆ. 2010ರಲ್ಲಿ ಆರಂಭವಾದ ‘ಲಿಬ್ರೆ ಆಫೀಸ್’ ಕೂಡ ಹಾಗೆಯೇ; ಬಳಸಬಹುದು, ನಕಲು ಮಾಡಬಹುದು, ಮತ್ತೊಬ್ಬರಿಗೂ ಕೊಡಬಹುದು ಎಂದು ಅದರ ಪರವಾನಗಿಯಲ್ಲಿಯೇ ಬರೆದಿದೆ. ಕೀ ಸಂಖ್ಯೆಯನ್ನು ಕೇಳುವ ತಂತ್ರಾಂಶವಾದರೋ ಬಾಗಿಲು ಮುಚ್ಚಿಕೊಂಡು ನಿಂತಿದೆ. ಒಳಗೆ ಸಾವಿರ ಜನರಿಗೆ ಜಾಗವಿದೆಯೆಂಬುದು ಹೊಗುವುದಕ್ಕೆ ಕಾರಣವಾಗದು.

ನಕಲಿನ ಪ್ರಶ್ನೆ ನಮ್ಮ ಸಮಾಜಕ್ಕೆ ಹೊಸದೇನೂ ಅಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ ಗ್ರಂಥಗಳ ತಾಡಪತ್ರಗಳು ಶತಮಾನಗಳ ಕಾಲ ಬೀಗದೊಳಗೆ ಇದ್ದುದು ವಾಚಕರಿಗೆ ತಿಳಿದೇ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕೆಲಸ ಆರಂಭವಾದಾಗ, ಪ್ರತಿಯು ಹೊರಗೆ ಹೋಗಕೂಡದೆಂಬುದು ಅಲ್ಲಿಯವರ ಇಚ್ಛೆಯಾಗಿತ್ತು. ಲಿಪಿಕಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಬರೆದುಕೊಂಡರು. ಅದನ್ನು ಸೊಲ್ಲಾಪುರಕ್ಕೆ ಒಯ್ದಾಗ ಶೇಠ್ ಹೀರಾಚಂದ ನೇಮಚಂದರು ಸ್ವೀಕರಿಸಲಿಲ್ಲ. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಪಡೆದರು. ಅಲ್ಲಿ ನಾಗರಿ ಲಿಪಿಗೆ ಇಳಿಸುವಾಗ ಇನ್ನೂ ಒಂದು ಗುಟ್ಟಿನ ಪ್ರತಿ ಹುಟ್ಟಿತು, ಅದರಿಂದ ಗ್ರಂಥ ಊರೂರಿಗೆ ಹರಡಿತು. 1939ರಿಂದ ಧವಲವನ್ನು ಸಂಪಾದಿಸಿ ಪ್ರಕಟಿಸಿದ ಹೀರಾಲಾಲ ಜೈನರೇ ಈ ವೃತ್ತಾಂತವನ್ನು ಪೀಠಿಕೆಯಲ್ಲಿ ಬರೆದಿದ್ದಾರೆ.

ಇಂದು ನಮ್ಮ ಮನೆಗಳಲ್ಲಿ ಧವಲದ ಸಂಪುಟಗಳಿರುವುದು ಆ ಗುಟ್ಟಿನ ಪ್ರತಿಯ ಫಲವೂ ಹೌದು. ಅದಕ್ಕಾಗಿ ನಾನು ಕೃತಜ್ಞ. ಆದರೂ ಈ ವೃತ್ತಾಂತದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಸೊಲ್ಲಾಪುರದ ಶೇಠರ ಬಾಗಿಲಿನಲ್ಲಿ. ಆ ಗ್ರಂಥದ ಪ್ರತಿಗಾಗಿ ವರ್ಷಗಟ್ಟಲೆ ಹಂಬಲಿಸಿ ದುಡಿದವರು ಅವರು. ಬಯಸಿದ್ದು ತಾನಾಗಿ ಬಾಗಿಲಿಗೆ ಬಂದಾಗಲೂ ಬಂದ ದಾರಿ ಸರಿಯಿಲ್ಲವೆಂದು ಕೈ ಹಿಂದೆಗೆದುಕೊಂಡರು. ಜಂಬೂಪ್ರಸಾದರು ತಪ್ಪಿದರೆಂದು ನಾನು ಹೇಳಲಾರೆ. ಲೋಪವಾಗುತ್ತಿದ್ದ ಆಗಮದ ಉಳಿವು ಒಂದು ಕಡೆ, ಕಾವಲುಗಾರರ ಇಚ್ಛೆ ಇನ್ನೊಂದು ಕಡೆ ಇದ್ದಾಗ ತೂಕ ಮಾಡುವ ತಕ್ಕಡಿ ನನ್ನಂಥವನ ಕೈಯಲ್ಲಿಲ್ಲ. ಆದರೆ ತಿಂಗಳ ಖರ್ಚಿನ ಪಟ್ಟಿಯನ್ನು ಅಂದವಾಗಿ ಮುದ್ರಿಸಬೇಕೆಂಬ ನನ್ನ ಅನುಕೂಲವನ್ನು ಷಟ್ಖಂಡಾಗಮದ ಉಳಿವಿನ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದಂತೂ ಹಾಸ್ಯಾಸ್ಪದ.

ರಾಜ್ಯದ ಕಾನೂನನ್ನು ಮೀರುವುದೂ ಅಚೌರ್ಯದ ಅತಿಚಾರಗಳಲ್ಲಿ ಒಂದು. ಆದ್ದರಿಂದ ಅದನ್ನೂ ಸಂಕ್ಷೇಪವಾಗಿ ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಸೇರಿಸಿದ 63ಬಿ ಕಲಮಿನ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸಿದವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವೂ 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವೂ ಉಂಟು. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯವು ಸೆರೆವಾಸವನ್ನು ಬಿಡಬಹುದು. ಅದೇ ಕಾಯಿದೆಯ 52ನೆಯ ಕಲಮು, ನ್ಯಾಯವಾಗಿ ಪ್ರತಿ ಪಡೆದವನು ನಷ್ಟ, ನಾಶ, ಹಾನಿಗಳಿಂದ ರಕ್ಷಣೆಗಾಗಿ ಒಂದು ಪ್ರತಿಯನ್ನು ಮಾಡಿಟ್ಟುಕೊಳ್ಳಬಹುದೆಂದೂ ಹೇಳುತ್ತದೆ. ಮರೆಯುವುದು ಮನುಷ್ಯಸಹಜವೆಂದು ಕಾಯಿದೆ ಬರೆದವರಿಗೂ ತಿಳಿದಿತ್ತು.

ಹಾಗಾದರೆ ನನ್ನ ಸಂಖ್ಯೆಯನ್ನು ನಾನು ಹುಡುಕಬೇಕಿತ್ತು. ಬಿಲ್ಲು ಸಿಗಲಿಲ್ಲ. ಕೆಟ್ಟ ಡಿಸ್ಕನ್ನು ರಿಪೇರಿಯವನು ಹಿಂದಕ್ಕೆ ಕೊಟ್ಟಿದ್ದುದೇ ಪುಣ್ಯ. ಅದನ್ನು ಬೇರೊಬ್ಬ ತಂತ್ರಜ್ಞರ ಬಳಿಗೆ ಒಯ್ದೆನು. ವಿಂಡೋಸು ತನ್ನೊಳಗೆ ರಿಜಿಸ್ಟ್ರಿ ಎಂಬ ಒಂದು ವಹಿಯನ್ನು ಇಟ್ಟುಕೊಂಡಿರುತ್ತದೆ. ಆಫೀಸ್ 2010ರ ಪೂರ್ಣ ಸಂಖ್ಯೆಯು ಸಂಕೇತರೂಪದಲ್ಲಿ ಅಲ್ಲಿ ಉಳಿದಿರುತ್ತದೆ. ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ, ಆ ವಹಿಯ ಭಾಗ ಕೆಡದೆ ಉಳಿದಿದ್ದುದರಿಂದ, ಚಿಕ್ಕದೊಂದು ತಂತ್ರಾಂಶದ ಸಹಾಯದಿಂದ ಅವರು ಸಂಖ್ಯೆಯನ್ನು ಹೊರತೆಗೆದರು. ಆ ಚಿಕ್ಕ ತಂತ್ರಾಂಶವನ್ನು ವೈರಸ್‌ನಿರೋಧಕವು ಕಳ್ಳಸಾಧನವೆಂದು ಬಗೆದು ತಡೆಯಿತು. ನನ್ನ ಮನೆಯ ಬೀಗಕ್ಕೆ ನಾನೇ ಬಡಗಿಯನ್ನು ಕರೆತಂದಾಗ ನೆರೆಯವರು ಇಣುಕಿ ನೋಡುವಂತೆ! ಯಂತ್ರ ನನ್ನದು, ಡಿಸ್ಕು ನನ್ನದು, ಅಲ್ಲಿ ಬರೆದದ್ದು ನನಗೆ ಕೊಟ್ಟ ಅನುಮತಿ. ಇದರಲ್ಲಿ ಅದತ್ತವಾದುದು ಏನೂ ಇಲ್ಲವೆಂದು ನಾನು ನಿಶ್ಚಯಿಸಿದೆನು.

ವಾಚಕರ ಉಪಯೋಗಕ್ಕಾಗಿ ಇನ್ನೆರಡು ಮಾತು. ವಿಂಡೋಸ್ 7ರವರೆಗಿನ ಯಂತ್ರಗಳಲ್ಲಿ ಸಂಖ್ಯೆಯನ್ನು ಯಂತ್ರದ ಮೈಮೇಲೆ ಅಂಟಿಸುತ್ತಿದ್ದರು. ಅಕ್ಷರ ಮಾಸಿದ್ದರೆ ಓದುವಾಗ ನೆನಪಿಡಬೇಕಾದುದೆಂದರೆ, ಆ ಸಂಖ್ಯೆಗಳಲ್ಲಿ ಇಂಗ್ಲಿಷಿನ ಐದು ಸ್ವರಾಕ್ಷರಗಳಾಗಲಿ ಸೊನ್ನೆ, ಒಂದುಗಳಾಗಲಿ ಇರುವುದಿಲ್ಲ. ‘ಬಿ’ಗೂ 8ಕ್ಕೂ ಮಾತ್ರ ಗೊಂದಲವಾದೀತು. 2012ರ ವಿಂಡೋಸ್ 8ರಿಂದೀಚೆಗೆ ತಯಾರಕರು ಅದನ್ನು ಯಂತ್ರದ ಮುಖ್ಯ ಫಲಕದ ಸ್ಮೃತಿಯಲ್ಲಿಯೇ ಅಡಗಿಸಿಡತೊಡಗಿದರು. 2015ರ ವಿಂಡೋಸ್ 10ರಿಂದ ಅನುಮತಿಯು ಯಂತ್ರದ ಗುರುತಿಗೇ ಅಂಟಿಕೊಳ್ಳುವ ಕ್ರಮವೂ, ಮರುವರ್ಷ ಅದನ್ನು ಇ-ಮೇಲ್ ಖಾತೆಗೆ ಜೋಡಿಸುವ ಸೌಕರ್ಯವೂ ಬಂದವು. ಆಫೀಸ್ 2013 ಮತ್ತು ಅನಂತರದವುಗಳಲ್ಲಿ ಡಿಸ್ಕಿನಲ್ಲಿ ಉಳಿಯುವುದು ಕೊನೆಯ ಐದು ಅಕ್ಷರಗಳು ಮಾತ್ರ. ಆದ್ದರಿಂದ ನನಗೆ ದೊರೆತ ದಾರಿ ಅವುಗಳಿಗೆ ದೊರೆಯದು. ಯಾವ ಖಾತೆಗೆ ಜೋಡಿಸಿದ್ದೆವೋ ಅದೇ ಗತಿ. ಟ್ರಸ್ಟುಗಳಲ್ಲಿ ಇದು ತೊಡಕಿನ ಸಂಗತಿ. ಕಾರ್ಯದರ್ಶಿಯ ಸ್ವಂತ ಇ-ಮೇಲಿಗೆ ಜೋಡಿಸಿದ ಅನುಮತಿ, ಕಾರ್ಯದರ್ಶಿ ಬದಲಾದಾಗ ಅವರೊಡನೆಯೇ ಹೋಗಿಬಿಡುತ್ತದೆ. ಟ್ರಸ್ಟಿನ ಹೆಸರಿನಲ್ಲಿಯೇ ಖಾತೆ ತೆರೆದು, ಅದರ ವಿವರವನ್ನೂ ಬಿಲ್ಲನ್ನೂ ಬೆಳ್ಳಿಯ ಉಪಕರಣಗಳ ಪಟ್ಟಿಯ ಜೊತೆ ತಿಜೋರಿಯಲ್ಲಿ ಇಡುವುದು ಒಳ್ಳೆಯದು.

ಸಂಖ್ಯೆ ಸಿಕ್ಕಿದ ಸಂತೋಷದಲ್ಲಿ ಮನೆಗೆ ಬಂದು, ರಿಪೇರಿಯವನು ಹಾಕಿದ್ದನ್ನು ತೆಗೆಸಿ, ಬಟ್ಟೆಯ ಚೀಲದಲ್ಲಿದ್ದ ನನ್ನ ಡಿಸ್ಕನ್ನೇ ಹಾಕಿದೆನು. 25 ಅಕ್ಷರಗಳನ್ನು ಒತ್ತಿದ ಮೇಲೆ ಪರದೆಯ ಮೇಲೆ ಕರಾರಿನ ಉದ್ದನೆಯ ಬರಹ ಬಂದಿತು. 2011ರಲ್ಲಿಯೂ ಅದು ಬಂದಿರಬೇಕು. ಅಂದು ‘ಒಪ್ಪಿದ್ದೇನೆ’ ಎಂಬಲ್ಲಿ ಗುರುತು ಹಾಕಿ ಮುಂದೆ ಹೋಗಿದ್ದೆ. ಈ ಸಲ ಮನಸ್ಸು ಅಂಜಿದ್ದರಿಂದ ಕನ್ನಡಕ ಹಾಕಿಕೊಂಡು ಓದಿದೆನು. ಆ ಆವೃತ್ತಿಯನ್ನು ಒಂದು ಮನೆಯ ಮೂರು ಯಂತ್ರಗಳವರೆಗೆ ಬಳಸಬಹುದು. ಆದರೆ ವ್ಯಾಪಾರದ ಕೆಲಸಕ್ಕಾಗಲಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಕೆಲಸಕ್ಕಾಗಲಿ ಬಳಸತಕ್ಕದ್ದಲ್ಲ. ಲಾಭದ ಉದ್ದೇಶವಿಲ್ಲದ ಸಂಸ್ಥೆ ಎಂದರೆ ನಮ್ಮ ಬಸದಿಯ ಟ್ರಸ್ಟೇ.

ನಾನು ಬಹಳ ಹೊತ್ತು ಹಾಗೆಯೇ ಕುಳಿತಿದ್ದೆ. ರಿಪೇರಿಯವನ ಸಂಖ್ಯೆಯ ಹನ್ನೊಂದು ತಿಂಗಳಿಗಾಗಿ ಪಶ್ಚಾತ್ತಾಪಪಡುತ್ತಿದ್ದವನಿಗೆ, ಅದಕ್ಕೂ ಹಿಂದಿನ ಆರು ವರ್ಷಗಳೂ ಶುದ್ಧವಾಗಿರಲಿಲ್ಲವೆಂದು ತಿಳಿಯಿತು. ಸ್ವಂತ ಹಣದಿಂದ ಕೊಂಡ, ಸ್ವಂತ ಸಂಖ್ಯೆಯಿದ್ದ ತಂತ್ರಾಂಶದಲ್ಲಿಯೇ, ನನಗೆ ಕೊಡದಿದ್ದ ಬಳಕೆಯನ್ನು ನಾನು ತೆಗೆದುಕೊಂಡಿದ್ದೆ. ತಿಳಿಯದೆ ಮಾಡಿದ್ದು ಎನ್ನಬಹುದು. ಆದರೆ ಓದಬಹುದಾಗಿದ್ದುದನ್ನು ಓದದೆ ಒಪ್ಪಿದ್ದೇನೆಂದು ಹೇಳುವುದಕ್ಕೆ ಪ್ರಮಾದವೆಂಬ ಹೆಸರೇ ಸರಿ. ವ್ಯಾಪಾರದಲ್ಲಿ ನಾನು ಯಾವ ಕರಾರುಪತ್ರಕ್ಕೂ ಓದದೆ ಸಹಿ ಹಾಕಿದವನಲ್ಲ. ಅಲ್ಲಿ ಓದದಿದ್ದರೆ ನಷ್ಟ ನನ್ನದು. ಇಲ್ಲಿ ನಷ್ಟ ಬೇರೆಯವರದು, ಆದ್ದರಿಂದ ಓದಿರಲಿಲ್ಲ.

ಆ ತಂತ್ರಾಂಶವನ್ನು ಮನೆಯ ಕೆಲಸಕ್ಕೆ ಉಳಿಸಿಕೊಂಡೆನು. ಟ್ರಸ್ಟಿನ ಲೆಕ್ಕವನ್ನು ಲಿಬ್ರೆ ಆಫೀಸಿಗೆ ಸಾಗಿಸಿದೆನು. ಕೆಲವು ಹಾಳೆಗಳ ಗೆರೆಗಳು ಅತ್ತಿತ್ತ ಸರಿದವು, ಎರಡು ಸೂತ್ರಗಳನ್ನು ಹೊಸದಾಗಿ ಬರೆಯಬೇಕಾಯಿತು, ಒಟ್ಟು ನಾಲ್ಕು ಸಂಜೆಗಳು ಹಿಡಿದವು. ಮುಂದಿನ ಸಭೆಯಲ್ಲಿ ನಡೆದುದನ್ನೆಲ್ಲ ಹೇಳಿ ನಡಾವಳಿಯ ಪುಸ್ತಕದಲ್ಲಿ ಬರೆಯಿಸಿದೆನು. ಒಬ್ಬ ಸದಸ್ಯರು ನಕ್ಕರು. ಹಾಗಾದರೆ ಬಸದಿಯಲ್ಲಿ ಧ್ವನಿವರ್ಧಕದಿಂದ ಕೇಳಿಸುವ ಭಕ್ತಿಗೀತೆಗಳ ಪೆನ್‌ಡ್ರೈವು ಎಲ್ಲಿಂದ ಬಂತೆಂಬುದನ್ನೂ ವಿಚಾರಿಸಬೇಕಾದೀತು ಎಂದು ಇನ್ನೊಬ್ಬರು ಅಂದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಸಭೆ ಪಂಚಕಲ್ಯಾಣದ ವಿಷಯಕ್ಕೆ ಹೋಯಿತು.

ಪಕ್ಕದ ಊರಿನ ಕಾರ್ಯದರ್ಶಿಗಳು ಮತ್ತೆ ಬಂದಾಗ ಲಿಬ್ರೆ ಆಫೀಸ್, ನುಡಿ ಎರಡನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟೆನು. ನಂಬರ ಎಲ್ಲಿ ಬರೆದಿದೆಯೆಂದು ಅವರು ಅದನ್ನು ಹಿಂದುಮುಂದಾಗಿ ತಿರುಗಿಸಿ ನೋಡಿದರು. ಇದಕ್ಕೆ ನಂಬರಿಲ್ಲವೆಂದು ಹೇಳಿದರೆ, “ಹಂಗಾದ್ರ ಇದು ಡೂಪ್ಲಿಕೇಟ್ ಏನ್ರಿ?” ಎಂದು ಸಂಶಯಪಟ್ಟರು. ಪರವಾನಗಿಯ ಪುಟವನ್ನು ಮುದ್ರಿಸಿ ಅವರ ಕೈಗೆ ಕೊಡಬೇಕಾಯಿತು.

2020ರ ಅಕ್ಟೋಬರ್ 13ಕ್ಕೆ ಆಫೀಸ್ 2010ಕ್ಕೆ ದೊರೆಯುತ್ತಿದ್ದ ಭದ್ರತಾ ತಿದ್ದುಪಡಿಗಳು ನಿಂತವು. ಆ ಹಳೆಯ ಯಂತ್ರವೂ ಈಗ ಮನೆಯಲ್ಲಿಲ್ಲ. 25 ಅಕ್ಷರಗಳನ್ನು ಬರೆದಿಟ್ಟ ಚೀಟಿಯನ್ನು ನಾನು ಆ ವರ್ಷದ ರೋಕಡ ವಹಿಯ ಮೊದಲ ಪುಟಕ್ಕೆ ಅಂಟಿಸಿದ್ದೆ. ಅದನ್ನು ಇನ್ನೂ ಕಿತ್ತಿಲ್ಲ.